ಕಾಂದೆಲಾಳ ಮುಖ

ಶವಾಗಾರದ ಕಾವಲಿನವನು ಹೆಣದ ಮೇಲಿನ ಬಟ್ಟೆಯನ್ನು ಕತ್ತಿನವರೆಗೆ ಸರಿಸಿದ.

"ಇವಳೇನಾ, ಸ್ವಾಮಿ?"

ಚಿತ್ರಕಾರ ಎಲಾದಿ ನೋಡಿದ. ಕಪ್ಪು ಕೂದಲು, ಅಗಲ ಕೆನ್ನೆ, ಮುಚ್ಚಿದ ರೆಪ್ಪೆ. ಹುಬ್ಬಿನಲ್ಲಿ ಸಮುದ್ರದ ಉಪ್ಪು ಒಣಗಿ ಬೆಳ್ಳಗಾಗಿತ್ತು.

"ಹೌದು. ಕಾಂದೆಲಾ."

"ಖಾತ್ರಿನಾ? ಅಲೆ ಹೊಡೆದು ದಡದ ಗುಡಿಸಲೆಲ್ಲಾ ಹೋಗಿದಾವೆ. ಅಲ್ಲಿದ್ದ ಜಿಪ್ಸಿಗಳು ಒಬ್ಬರೂ ಸಿಗ್ತಿಲ್ಲ. ಚಿತ್ರ ಬರೆಯೋರ ಹತ್ರ ಹೋಗ್ತಿದ್ದೋಳು ಇರಬೇಕು ಅಂತ ಯಾರೋ ಅಂದ್ರು. ಅದಕ್ಕೇ ನಿಮ್ಮನ್ನ ಕರೆಸಿದ್ದು."

"ಎರಡು ವರ್ಷದಿಂದ ಅವಳನ್ನೇ ಬರೀತಿದೀನಿ. ನನಗೆ ಗೊತ್ತಾಗಲ್ವೇ?"

"ಸದ್ಯ. ಇಲ್ದಿದ್ರೆ ಹೆಸರಿಲ್ದೆ ಗುಂಡಿಗೆ ಹೋಗ್ತಿದ್ಲು."

ಹೊರಗೆ ಬಾರ್ಸೆಲೋನಾ ಎಂದಿನಂತೆ ಬಿಸಿಲು ಕಾಯುತ್ತಿತ್ತು. ರೇಷ್ಮೆಯುಟ್ಟ ಗಿರಣಿ ಮಾಲೀಕರ ಹೆಂಡತಿಯರನ್ನು ಬಿಟ್ಟು ಈ ಬಡ ಜಿಪ್ಸಿ ಹೆಂಗಸರನ್ನು ಬರೆದವನು ಎಲಾದಿ; 'ಇವರ ನೋವನ್ನು ಬಲ್ಲ ಕಣ್ಣು' ಎಂದು ಪತ್ರಿಕೆಯೂ ಹೊಗಳಿತ್ತು. ಹೆಣದ ಕೆನ್ನೆಯ ಹಸಿರು, ತಾನು ಇಷ್ಟು ದಿನ ಹಚ್ಚುತ್ತಿದ್ದ ಹಸಿರೇ ಎಂದು ಹೊಳೆದು ಎದೆಯಲ್ಲಿ ಹೆಮ್ಮೆಯಂಥದ್ದೇನೋ ಮಿಸುಕಿತು. ನಾಚಿಕೊಂಡ. ನಾಚಿಕೊಂಡದ್ದಕ್ಕೆ ಸಮಾಧಾನವಾಯಿತು.

ಮೆಟ್ಟಿಲು ಹತ್ತಿ ಬಂದರೆ ತನ್ನ ಚಿತ್ರಶಾಲೆಯ ಬಾಗಿಲು ತೆರೆದಿತ್ತು. ನೆಲದ ಮೇಲೊಬ್ಬಳು ಕೂತು ಸುಟ್ಟ ಚೆಸ್ಟ್‌ನಟ್ ಕಾಯಿ ಸುಲಿಯುತ್ತಿದ್ದಳು.

"ಎಲ್ಲೋಗಿದ್ರಿ ಮಾಸ್ತರ್? ಕಾದೂ ಕಾದೂ ಸಾಕಾಯ್ತು."

ದನಿ ಕಾಂದೆಲಾಳದು. ಎಲಾದಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಗುಡಿಸಲು ಹೋಯ್ತು. ಎಲ್ಲರೂ ಅಕ್ಕನ ಮನೇಲಿದೀವಿ. ಯಾಕ್ರೀ, ದೆವ್ವ ಕಂಡಂಗೆ ನೋಡ್ತೀರಿ?"

ಹೆಣ ನೋಡಿ ಅವಳೆಂದು ಗುರುತಿಸಿ ಬಂದದ್ದನ್ನು ಹೇಳಿದ. ಕಾಂದೆಲಾ ನಗಲು ಶುರುಮಾಡಿದಳು. ನಗು ಅರ್ಧಕ್ಕೇ ನಿಂತಿತು.

"ನನ್ನ ಥರಾನೇ ಇದ್ಲಾ?"

ಇವಳ ಮುಖ ಕಿರಿದು. ಗಲ್ಲ ಚೂಪು. ಮೂಗಿನ ಪಕ್ಕ ಸಿಡುಬಿನ ಕಲೆ.

"ಈ ಕಲೆ ಯಾವಾಗ ಆಯ್ತು?"

"ಚಿಕ್ಕೋಳಿದ್ದಾಗ." ಅವಳು ಅವನನ್ನು ದಿಟ್ಟಿಸಿದಳು. "ಹೋಗಿ ಹೇಳಿ ಬನ್ನಿ ಮಾಸ್ತರ್. ಅವಳಿಗೂ ಮನೆಯೋರು ಇರ್ತಾರೆ. ಹುಡುಕ್ತಿರ್ತಾರೆ."

"ಹೇಳ್ತೀನಿ."

"ಈಗ. ಹೂತುಬಿಟ್ರೆ?"

"ಏನಂತ ಹೇಳಲಿ?"

"ಕಾಂದೆಲಾಳ ಮುಖ ನಾನು ನೋಡೇ ಇರ್ಲಿಲ್ಲ ಅಂತ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ.

"ಕೂತ್ಕೋ. ತಲೆ ಎತ್ತು. ಇವತ್ತು ಮುಖ ಬರೀತೀನಿ."

"ತಗ್ಗಿಸು, ಇನ್ನೂ ತಗ್ಗಿಸು ಅಂತಿದ್ರಿ." ಅವಳು ಶಾಲು ಕೊಡವಿ ಎದ್ದಳು. "ನಾನೇ ಹೋಗ್ತೀನಿ. ಕಾಂದೆಲಾ ನಾನು, ಸತ್ತಿಲ್ಲ ಅಂತೀನಿ."

"ನಂಬ್ತಾರಾ?"

ಬಾಗಿಲಲ್ಲಿ ಅವಳು ನಿಂತಳು. "ನಿಮ್ಮ ಮಾತು ಬಿಟ್ಟು ನನ್ನ ಮಾತು ನಂಬ್ತಾರಾ..." ಎಂದು ತನಗೇ ಅಂದುಕೊಂಡು ಇಳಿದುಹೋದಳು.

ಜೊತೆಗೆ ಹೋಗಬೇಕಿತ್ತು. ಅವನು ಒಳಕ್ಕೆ ತಿರುಗಿದ.

ಗೋಡೆಗೊರಗಿಸಿದ ಚಿತ್ರಗಳಲ್ಲೆಲ್ಲ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಎಲಾದಿ ಒಂದರ ಮುಂದೆ ಮಂಡಿಯೂರಿದ. ಶಾಲಿನಡಿಯ ಮುಖ ಕಾಣಲೆಂದು ಕತ್ತು ಓರೆ ಮಾಡಿ ಬಗ್ಗಿದ. ಕಾಣಲಿಲ್ಲ. ಇನ್ನೂ ಬಗ್ಗಿ, ಕೆನ್ನೆಯನ್ನು ತಣ್ಣಗಿನ ನೆಲಕ್ಕೊತ್ತಿ, ಕೆಳಗಿನಿಂದ ಮೇಲಕ್ಕೆ ಕಣ್ಣರಳಿಸಿ ನೋಡಿದ. ಕಪ್ಪು ಬಣ್ಣ, ಅದರಡಿ ಹಸಿರು, ಅದರಡಿ ಬರೀ ಕ್ಯಾನ್ವಾಸು. ಹಾಗೇ ತೆವಳುತ್ತ ಪಕ್ಕದ ಚಿತ್ರಕ್ಕೆ ಸರಿದ.