ಕೊಲೆಗಾರನ ನಗು

ಶಿಡ್ಲಘಟ್ಟದ ಹೈಸ್ಕೂಲು ಮೇಷ್ಟ್ರು ಮುರಳಿಮೋಹನ್ ‘ಹುಳುಮನೆ’ ಸಿನಿಮಾವನ್ನು ಪೂರ್ತಿ ನೋಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅದು ಚಿಂತಾಮಣಿಯ ಟಾಕೀಸಿಗೆ ಬಂದು, ವಾರ ತುಂಬುವ ಮೊದಲೇ ಎತ್ತಂಗಡಿಯಾದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ನಾಟಕದ ತಂಡದಲ್ಲಿ ದುರ್ಯೋಧನನ ಪಾತ್ರ ಯಾವತ್ತೂ ಅವನದೇ. ಗೆಳೆಯ ಭಾನುಪ್ರಕಾಶ್, ಚಿಂತಾಮಣಿ ಅಂಚೆ ಕಚೇರಿಯ ಗುಮಾಸ್ತ, ಪಕ್ಕದಲ್ಲಿ ನಿಂತು ಹೂಂಗುಡುವವನು. ಸಿನಿಮಾದವರು ಸರಣಿ ಕೊಲೆಗಾರನ ಪಾತ್ರಕ್ಕೆ ಹೊಸ ಮುಖ ಹುಡುಕಿಕೊಂಡು ಬಂದಾಗ, ಅದು ತನಗೇ ಎಂದು ಮುರಳಿ ಗಡ್ಡ ಬಿಟ್ಟು ಕಾದ. ಪಾತ್ರ ಭಾನುವಿನ ಪಾಲಾಯಿತು. ಮುರಳಿಗೆ ಸಿಕ್ಕಿದ್ದು ಮೊದಲ ಹೆಣದ ಪಾತ್ರ. ಹುಳುಮನೆಯಲ್ಲಿ, ರೇಷ್ಮೆ ಹುಳು ಸಾಕುವ ತಟ್ಟೆಗಳ ನಡುವೆ ಅರ್ಧ ದಿನ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದ.

ಈ ವರ್ಷ ಯಾರೋ ಆ ಚಿತ್ರವನ್ನು ಇಂಟರ್‌ನೆಟ್ಟಿನಲ್ಲಿ ಹೊಗಳಿದರು. ನೋಡನೋಡುತ್ತಲೇ ಅದು ಎಲ್ಲರ ಮೊಬೈಲಿಗೂ ಬಂತು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಭಾನುವಿನ ಜೊತೆ ಸೆಲ್ಫಿಗೆ ಮುಗಿಬಿದ್ದರು. “ಭಾನು ಸಾರ್ ನಿಮ್ ಫ್ರೆಂಡಂತೆ, ಹೌದಾ ಸಾರ್?” ಎಂದು ಕ್ಲಾಸಿನಲ್ಲೂ ಕೇಳಿದರು. “ಏನೋ ಅವನ ಅದೃಷ್ಟ ಕಣ್ರಪ್ಪ” ಎಂದು ಮುರಳಿ ಬೋರ್ಡಿನತ್ತ ತಿರುಗಿ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆಯುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಶ್ಯಾಮಲಾ ಟೀವಿಯಲ್ಲಿ ಅದನ್ನೇ ಹಾಕಿದಳು. “ಊರೆಲ್ಲ ನೋಡಿ ಆಯ್ತು, ಬನ್ರಿ.” ಈ ಸಲ ಮುರಳಿ ತನ್ನ ಹೆಣ ದಾಟಿ ಮುಂದಕ್ಕೂ ನೋಡಿದ. ಕೊಲೆಗಾರ ಬಲು ಮೃದು ಮನುಷ್ಯ. ಯಾರಿಗಾದರೂ ಒಳ್ಳೆಯದಾದರೆ ಅವರ ಮನೆಗೆ ಹೋಗುತ್ತಾನೆ. ಎರಡೂ ಕೈಯಲ್ಲಿ ಅವರ ಕೈ ಹಿಡಿದು, “ಒಳ್ಳೇದಾಯ್ತಪ್ಪ” ಎಂದು ನಗುತ್ತಾನೆ. ತುಟಿ ಅರಳುತ್ತದೆ, ಕಣ್ಣು ಮಾತ್ರ ಅಲ್ಲಾಡುವುದಿಲ್ಲ. ಮಾರನೆಯ ದಿನ ಅವರು ಸತ್ತಿರುತ್ತಾರೆ.

ಅವರೆಕಾಯಿ ಸುಲಿಯುತ್ತಿದ್ದ ಶ್ಯಾಮಲಾಳ ಕೈ ನಿಂತಿತು. “ರೀ, ಇದು ಥೇಟ್ ನೀವು ನಗೋ ಹಾಗೇ ಇದೆಯಲ್ಲ?”

“ನಿಂಗೆಲ್ಲೋ ಭ್ರಾಂತು” ಎಂದ. ಆದರೆ ಅವನಿಗೂ ಗೊತ್ತಾಗಿತ್ತು.

ಮರುದಿನ ರಜೆ ಹಾಕಿ ಚಿಂತಾಮಣಿಗೆ ಹೋಗಿ, ಭಾನುವನ್ನು ಅಂಚೆ ಕಚೇರಿಯಿಂದ ಹೊರಗೆ ಕರೆದ.

“ಆ ನಗು ಎಲ್ಲಿಂದ ತಂದ್ಯೋ?”

“ಪಾತ್ರ ಸಿಕ್ಕಿದ ದಿನ ನೀನು ಮನೆಗೆ ಬಂದು ನನ್ ಕೈ ಹಿಡ್ಕೊಂಡೆಯಲ್ಲ, ಆವತ್ತು ನಂಗೆ ಭಯ ಆಗಿತ್ತು ಕಣೋ. ಕ್ಯಾಮೆರಾ ಮುಂದೆ ಏನೂ ತೋಚದೆ ನಿಂತಾಗ ನೆನಪಾಗಿದ್ದು ಅದೊಂದೇ.”

“ಗೊತ್ತಿದ್ದೂ ಸುಮ್ನಿದ್ಯಾ ಇಷ್ಟು ವರ್ಷ?”

“ಇನ್ನೇನ್ ಮಾಡ್ಲಿ? ಇರೋನು ನೀನೊಬ್ಬ ಸ್ನೇಹಿತ.”

ಮುರಳಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಅದರ ಬೆನ್ನಿಗೇ ಇನ್ನೊಂದು ಸಂಕಟ ಹತ್ತಿಕೊಂಡಿತು: ನನ್ನ ಹೊಟ್ಟೆಕಿಚ್ಚನ್ನೂ ಇವನೇ ನನಗಿಂತ ಚೆನ್ನಾಗಿ ಆಡಿಬಿಟ್ಟನಲ್ಲ!

ಮುಂದಿನ ತಿಂಗಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಭಾನುವಿಗೆ ಸನ್ಮಾನ. ಅನ್ವಿತಾ ಎಂಬ ವಿದ್ಯಾರ್ಥಿನಿ ಎದ್ದು, “ಸಾರ್, ಆ ನಗು ಹೇಗೆ ಕಲಿತ್ರಿ?” ಎಂದು ಕೇಳಿದಳು.

ಭಾನು ಮುಂದಿನ ಸಾಲಿನಲ್ಲಿದ್ದ ಮುರಳಿಯತ್ತ ನೋಡಿ, “ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ ಕಣಮ್ಮ” ಎಂದ.

ಗೆಳೆಯನ ಮಾನ ಉಳಿಸುವ ಸುಳ್ಳು ಅದು. ಮುರಳಿಗೆ ಮಾತ್ರ ತಡೆಯಲಾಗಲಿಲ್ಲ. ಎದ್ದು ನಿಂತ. “ಕನ್ನಡಿಯಲ್ಲಮ್ಮ, ಅದು ನಂದು. ಇವನಿಗೆ ಪಾತ್ರ ಸಿಕ್ತಲ್ಲ, ಆವತ್ತು ಹೊಟ್ಟೆ ಉರ್ಕೊಂಡು ಹಾಗೆ ನಕ್ಕಿದ್ದೆ.”

ತಮಾಷೆಯೆಂದುಕೊಂಡು ಸಭೆಯೆಲ್ಲ ಗೊಳ್ಳೆಂದಿತು. ಭಾನು ನಗಲಿಲ್ಲ. ಪಕ್ಕದಲ್ಲಿದ್ದ ಖಾಲಿ ಕುರ್ಚಿಯನ್ನು ಹತ್ತಿರ ಎಳೆದು, “ಮೇಲೆ ಬಾರೋ” ಎಂದು ಕರೆದ.

ಮುರಳಿ ಹೋಗಿ ಕೂತ. ಜೋರು ಚಪ್ಪಾಳೆ ಬಿತ್ತು. ಅದರಲ್ಲಿ ತನಗೆಷ್ಟು, ಭಾನುವಿಗೆಷ್ಟು ಎಂದು ಅವನ ಕಿವಿ ಆಗಲೂ ಅಳೆಯುತ್ತಲೇ ಇತ್ತು.