ಉಪ್ಪಿಗೆ ಹಾಕಿದ ಸಮುದ್ರದ ಪಟ್ಟಿ

ಮಂಗಳೂರಿನಿಂದ ಪುತ್ತೂರು, ಪುತ್ತೂರಿನಿಂದ ಕಾಣಿಯೂರು, ಎರಡೂ ಬಸ್ಸಿನಲ್ಲಿ ನನ್ನ ಮಗಳು ಸುರಕ್ಷಾ ಆ ಗಾಜಿನ ಬಾಟಲಿಯನ್ನು ಮಡಿಲಿನಿಂದ ಇಳಿಸಲಿಲ್ಲವಂತೆ. ಒಳಗಿರುವುದು ಬರೀ ಸಮುದ್ರದ ನೀರೆಂದುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದಾಗ ಗೇಣುದ್ದದ ಒಂದು ಪಟ್ಟಿ ಕಂಡಿತು. ಮೈಯೆಲ್ಲ ಗಾಜು, ಅಂಚಿನಲ್ಲಿ ಮಾತ್ರ ಕಾಮನಬಿಲ್ಲಿನ ಬಣ್ಣ ಓಡುತ್ತಿತ್ತು.

ಲೋಳೆಮೈಯ ಈ ಸಮುದ್ರಜೀವಿಯ ಕುಟುಂಬಕ್ಕೆ ಸೆಸ್ಟಿಡೇ ಎಂದು ಹೆಸರು, ಲ್ಯಾಟಿನ್ನಿನಲ್ಲಿ ಸೊಂಟಪಟ್ಟಿಗೆ ಹೇಳುವ ಮಾತಿನಿಂದ ಬಂದದ್ದು ಎಂದಳು. ಅದರಲ್ಲಿ ಎರಡೇ ಬಗೆ. ಇದು ಯಾವುದೆಂದು ಅವಳ ಪ್ರೊಫೆಸರು ಸೋಮವಾರ ಕಾಲೇಜಿಗೆ ಬಂದು ನೋಡಿಯೇ ಹೇಳಬೇಕು.

"ಸೊಂಟಪಟ್ಟಿಯಾ? ಎಷ್ಟು ಪವನು ಚಿನ್ನದ್ದು?" ಎಂದರು ನನ್ನ ಅತ್ತೆ ದುಗ್ಗಮ್ಮ.

ರಜೆಗೆ ಮುಚ್ಚುವ ಹಾಸ್ಟೆಲಿನಲ್ಲಿ ಅದನ್ನು ಬಿಡಲು ಅವಳಿಗೆ ಧೈರ್ಯವಿರಲಿಲ್ಲ. ಕೆಡದಂತೆ ಇಡುವ ಔಷಧಿಯಲ್ಲಿ ಹಾಕಿದರೆ ಕರಗುತ್ತದಂತೆ. ಪ್ರೊಫೆಸರಿಗೆ ಇಡಿಯಾಗಿ ತೋರಿಸಿದರೆ ಸಂಶೋಧನೆಗೆ ಸೀಟು, ಇಲ್ಲವಾದರೆ ಅವಳಪ್ಪ ಹೇಳಿದಂತೆ ಬಿ.ಎಡ್. ಜೂನ್ ಹತ್ತಿರ ಬಂದಿತ್ತು. ಮಳೆಗಾಲಕ್ಕೆ ಬೋಟುಗಳು ದಡ ಸೇರಿದ ಮೇಲೆ ಇನ್ನೊಂದು ಸಿಗುವ ಮಾತಿಲ್ಲ.

ಮಧ್ಯಾಹ್ನ ಅವಳು ಬಾಟಲಿಯನ್ನು ತಣ್ಣಗಿಡಲು ಮೀನಿನ ಅಂಗಡಿಯಿಂದ ಐಸ್ ತರಲು ಹೋದಳು. ನಾನೂ ಅತ್ತೆಯೂ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕುತ್ತಿದ್ದೆವು. ನಾನು ದನಕ್ಕೆ ಅಕ್ಕಚ್ಚು ಇಟ್ಟು ಬರುವಾಗ ಸುರಕ್ಷಾಳೂ ಅಂಗಳಕ್ಕೆ ಬಂದಿದ್ದಳು. ಅತ್ತೆ ಬಾಗಿಲಿನಲ್ಲೇ ಹೇಳಿದರು:

"ನಿನ್ನ ಬಾಟಲಿಯ ನೀರು ಸ್ವಲ್ಪ ಕಲಂಕಿತ್ತು ಮಗಾ. ಎರಡು ಮುಷ್ಟಿ ಕಲ್ಲುಪ್ಪು ಹಾಕಿದ್ದೇನೆ. ಇನ್ನು ಮಳೆಗಾಲ ಕಳೆದರೂ ಅದಕ್ಕೆ ಎಂತ ಆಗುದಿಲ್ಲ."

ಬಾಟಲಿಯ ತಳದಲ್ಲಿ ಉಪ್ಪು ಕೂತಿತ್ತು. ಮೇಲೆ ಗಂಜಿತಿಳಿಯಂಥ ಎಳೆಗಳು, ಪಟ್ಟಿ ಎಲ್ಲೂ ಇಲ್ಲ. ಸುರಕ್ಷಾ ಬೆಳಕಿಗೆ ಹಿಡಿದು ತುಂಬ ಹೊತ್ತು ಮೆಲ್ಲಗೆ ತಿರುಗಿಸಿದಳು. ಎಳೆಗಳೂ ಹರಿದುಹೋದವು. ಅತ್ತೆ ಶಹಬ್ಬಾಸಿಗೆ ಕಾದವರ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದರು.

"ಒಳ್ಳೇದಾಯ್ತು ಅಜ್ಜಿ," ಎಂದಳು.

ಆಮೇಲೆ ದನದ ಹಟ್ಟಿಯ ಹಿಂದೆ ಹೋಗಿ ಪ್ರೊಫೆಸರಿಗೆ ಫೋನು ಮಾಡಿದಳು. ಅವರು ಬೈಯಲಿಲ್ಲವಂತೆ. ಅವಳು ಮೊದಲೇ ಕಳಿಸಿದ್ದ ಫೋಟೋದಲ್ಲಿ ನೀರು ಬಿಟ್ಟರೆ ಏನೂ ಕಾಣುವುದಿಲ್ಲ, ಸೀಟು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ ಎಂದರಂತೆ. ಬರುವ ವರ್ಷ ನೋಡುವ ಎನ್ನಲು ನಾನು ಬಾಯಿ ತೆರೆದೆ.

"ಬೇಡಮ್ಮ. ಅಜ್ಜಿಗೆ ಮಾತ್ರ ಹೇಳಬೇಡ."

ಬಾಟಲಿಯನ್ನು ಎಲ್ಲಿ ಚೆಲ್ಲುದು ಎಂದು ಕೇಳಿದಳು. ಅಷ್ಟು ಉಪ್ಪು ಬಿದ್ದರೆ ಬಸಳೆ ಸಾಯುತ್ತದೆಂದು ನಾನೇ ತೆಗೆದುಕೊಂಡು ಹೋಗಿ ದಾರಿ ಬದಿಯ ಚರಂಡಿಗೆ ಹೊಯ್ದು ಬಂದೆ.

ಸಂಜೆ ಅವಳಪ್ಪ ಬಂದು ಚಪ್ಪಲಿ ಬಿಡುವ ಮೊದಲೇ, ಪುತ್ತೂರಿನಲ್ಲಿ ಬಿ.ಎಡ್. ಯಾವಾಗ ಶುರುವಾಗುತ್ತದೆಂದು ಅವಳೇ ಕೇಳಿದಳು. ಅವರ ಮುಖ ಎಷ್ಟು ಅರಳಿತೆಂದರೆ, ನಾನು ಅವರಿಗೂ ಏನೂ ಹೇಳಲಿಲ್ಲ.