ಅರವತ್ತೆರಡರ ಬಿಲ್ಲೆ

ನಮ್ಮ ವಾಡಿ ಯೂನಿಯನ್ ಫುಟ್ಬಾಲ್ ಕ್ಲಬ್ಬಿಗೆ ಈ ೧೯೪೭ಕ್ಕೆ ಇಪ್ಪತ್ತು ವರ್ಷ ತುಂಬುತ್ತದೆ. ಅದರ ಇತಿಹಾಸ ಬರೆದುಕೊಡು ಎಂದು ಲಾಲ್ ಅಹ್ಮದ್ ಚಾಚಾ ನನಗೆ ಹೇಳಿದ್ದಾರೆ. ಅವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು, ಕ್ಲಬ್ಬು ಕಟ್ಟಿದವರು. ನಮ್ಮ ಓಣಿಯಲ್ಲಿ ಬಿ.ಎ. ಓದಿದವಳು ನಾನೊಬ್ಬಳೇ ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಮಂದಿ ಮುಂದೆ ಮಾತಾಡು ಅಂದಿದ್ದರೆ ಒಲ್ಲೆ ಅನ್ನುತ್ತಿದ್ದೆ. ಬರಿ ಅಂದರು, ಒಪ್ಪಿದೆ.

ಮೊದಲ ಪುಟಗಳು ಸಲೀಸಾಗಿ ಬಂದವು. ಮಾಲುಗಾಡಿ ನಿಲ್ಲುವ ಬಯಲಿನಲ್ಲಿ ಚಿಂದಿ ತುಂಬಿದ ಚೆಂಡು, ಬರಿಗಾಲಿನ ಹನ್ನೊಂದು ಮಂದಿ. ೧೯೩೧ರಲ್ಲಿ ಚಾಚಾ ಸಿಕಂದರಾಬಾದಿನಿಂದ ತಂದ ತೊಗಲಿನ ಚೆಂಡು. ಮರುವರ್ಷ ಕ್ವಾರ್ಟರ್ಸಿನ ಮಕ್ಕಳಿಗೆ ಮುಂಜಾನೆಯ ತಾಲೀಮು. ಕುಸ್ತಿ ಕಲಿಸಿದ ಹಾಗೆ ಚೆಂಡಾಟ ಕಲಿಸುತ್ತಿದ್ದರು. ನಮ್ಮಣ್ಣ ಗುರುಲಿಂಗಪ್ಪ ಅಲ್ಲಿಯೇ ತಯಾರಾದವನು. ೧೯೩೮ರಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಖಣಿ ಕಂಪನಿ ಕ್ಲಬ್ಬಿನ ಕೈ ಹಿಡಿಯಿತು. ಆಟಗಾರರಿಗೆ ಖಣಿಯಲ್ಲಿ ನೌಕರಿ, ಪಂದ್ಯದ ದಿನ ಪಗಾರದ ಸಮೇತ ರಜೆ.

೧೯೪೪ಕ್ಕೆ ಬಂದಾಗ ಚಾಚಾ ಅಂದರು, "ಆ ವರ್ಷಕ್ಕ 'ಸೇಡಂ ಕಪ್ಪು ಗೆದ್ದೆವು' ಅಂತ ಒಂದೇ ಸಾಲು ಬರಿ ಬೇಟಿ. ಮುಂದ ಹೋಗು."

ಮೂರು ದಿನದಿಂದ ಆ ಸಾಲಿನ ಮುಂದೆ ಕೂತಿದ್ದೇನೆ. ಮುಂದೆ ಹೋಗಲಾಗುತ್ತಿಲ್ಲ.

ಆಗ ಜರ್ಮನ್ ಲಡಾಯಿ ನಡೆದಿತ್ತು. ಖಣಿಗೆ ಬಂದ ಹೊಸ ಮ್ಯಾನೇಜರ್ ಪಂದ್ಯದ ರಜೆ ಬಂದ್ ಮಾಡಿದ್ದ. ಅಣ್ಣನಿಗೆ ಹಿಂದಿನ ವರ್ಷ ಮೊಣಕಾಲು ತಿರುಚಿ, ಇನ್ನು ಚೆಂಡು ಮುಟ್ಟುವುದಿಲ್ಲ ಎಂದು ಅವ್ವ ಅವನಿಂದ ವಿಭೂತಿ ಮುಟ್ಟಿಸಿ ಆಣೆ ಹಾಕಿಸಿದ್ದಳು. ದಿನಾ ಮುಂಜಾನೆ ಅರವತ್ತೆರಡು ನಂಬರಿನ ಹಿತ್ತಾಳೆ ಬಿಲ್ಲೆ ಕೊರಳಿಗೆ ಹಾಕಿಕೊಂಡು ಖಣಿಗೆ ಹೋಗುತ್ತಿದ್ದ. ಹಾಜರಿ ಹಿಡಿಯುವಾಗ ಅಲ್ಲಿ ಬಿಲ್ಲೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಕಲ್ಲಿನ ಧೂಳಿಗೆ ಎಲ್ಲರ ಮುಖವೂ ಒಂದೇ.

ನಾನು ಪರೀಕ್ಷೆ ಮುಗಿಸಿ ಹೈದರಾಬಾದಿನಿಂದ ಬಂದಿದ್ದೆ. ಒಂದು ಸಂಜೆ ಅಣ್ಣ ಕುಂಟುತ್ತ ಬಂದ. ಎಡಗಾಲಿನ ಹೆಬ್ಬೆರಳಿನ ಉಗುರು ಪೂರಾ ಕಿತ್ತಿತ್ತು. "ಕಲ್ಲು ಬಿತ್ತು" ಅಂದ. ನಾನೇ ಅರಿಶಿಣ ಹಚ್ಚಿ ಕಟ್ಟಿದೆ.

ಅದೇ ಸಂಜೆ ಹಿಂದಿನ ಸಾಲಿನ ಮನೆಯ ಚಂದಮ್ಮ ಬಂದಳು. ಗಂಡ ಸಾಯಬಣ್ಣನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು, ಬಿರುಕಿಗೆ ತುಂಬಲು ಮೇಣ ಬೇಕಿತ್ತು. ನಮ್ಮಪ್ಪ ಅಮೃತಪ್ಪ ಸ್ಟೇಷನ್ನಿನ ಪಾರ್ಸಲ್ ಕಾರಕೂನ. ಮೇಣ ಇರದಿದ್ದರೂ ಮುದ್ರೆ ಒತ್ತುವ ಕೆಂಪು ಅರಗಿನ ಚೂರು ಮನೆಯಲ್ಲಿ ಇರುತ್ತಿತ್ತು. ಅದನ್ನೇ ಕೊಟ್ಟೆ.

"ಕೆಂಪಗ ಕಾಣ್ತದಲ್ಲ ಸಣ್ಣಕ್ಕಾ?"

"ಹಿಮ್ಮಡಿ ಯಾರು ನೋಡ್ತಾರ ಚಂದವ್ವ?"

"ನಮ್ಮವಂದು ಮಾರಿಗಿಂತ ಹಿಮ್ಮಡೀನೇ ಚಂದ" ಅಂತ ನಕ್ಕು ಹೋದಳು.

ಮೂರನೆಯ ದಿನ ಮಧ್ಯಾಹ್ನ ಖಣಿಯ ಎತ್ತಿನ ಗಾಡಿ ನಮ್ಮ ಬಾಗಿಲಿಗೆ ನಿಂತಿತು. ಖಣಿಯ ಕಾರಕೂನ ಅಮೀರ್ ಅಲಿ ಕೆಳಗಿಳಿದು ಟೋಪಿ ತೆಗೆದ. "ಮ್ಯಾಲಿನ ಕಲ್ಲಿನ ಪದರ ಕುಸೀತ್ರಿ ಅವ್ವಾರ. ಬಾಜೂಕಿದ್ದ ಇಬ್ಬರಿಗಿ ಮೈಮ್ಯಾಲ ಖಬರಿಲ್ಲ, ದವಾಖಾನಿಗಿ ಒಯ್ದಾರ. ಮಾರಿ ನೋಡಬ್ಯಾಡ್ರಿ. ಬಿಲ್ಲೆ ಅರವತ್ತೆರಡು."

ಅವ್ವ ನಿಂತಲ್ಲೇ ಕುಸಿದಳು. ಮೊದಲು ಓಡಿ ಬಂದವಳು ಚಂದಮ್ಮ. ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು, "ಗುರಣ್ಣಾ, ನನ್ನ ಕೈಯಾಗಿನ ರೊಟ್ಟಿ ಉಂಡು ಬೆಳದ್ಯಲ್ಲೋ" ಎಂದು ಹಾಡಿಕೊಂಡು ಅತ್ತಳು. ತನ್ನ ಗಂಡ ಶಹಾಬಾದಿಗೆ ವ್ಯಾಗನ್ ತುಂಬಲು ಹೋಗಿದ್ದಾನೆ, ಅವನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂದು ಬಂದವರಿಗೆಲ್ಲ ಹೇಳಿದಳು.

ಕ್ರಿಯೆ ನಡೆಸಲು ಮಡಿವಾಳಯ್ಯ ಸ್ವಾಮಿಗಳು ಬಂದು ಕೂತರು. ಅವ್ವ ನನ್ನ ಕಡೆ ತಿರುಗಿದಳು. "ಅವನ ಕಾಲು ತೊಳಿ. ಧೂಳಗಾಲಿಲೆ ಅವ ಎಂದೂ ಒಳಗ ಬಂದಿಲ್ಲ."

ಚಾದರದ ತುದಿ ಸರಿಸಿ ನೀರು ಹಾಕಿದೆ. ಬಿಳಿ ಧೂಳು ಇಳಿಯಿತು. ಎಡಗಾಲಿನ ಹೆಬ್ಬೆರಳು ತೊಳೆದೆ. ಅದಕ್ಕೆ ಉಗುರಿತ್ತು. ಬಲಗಾಲು ಇರಬೇಕೆಂದು ಮತ್ತೊಮ್ಮೆ ನೋಡಿದೆ. ಎಡಗಾಲೇ. ಐದೂ ಉಗುರು ನೆಟ್ಟಗಿದ್ದವು.

ನನಗೆ ಮೊದಲು ಆದದ್ದು ಸಂತೋಷ. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಗು ಬಾಯಿವರೆಗೆ ಬಂದಿತ್ತು. ಕಾಲು ಎತ್ತಿ ಹಿಮ್ಮಡಿಗೆ ನೀರು ಹಾಕಿದೆ. ಬಿರುಕಿನ ಉದ್ದಕ್ಕೂ ಕೆಂಪು ಗೆರೆ.

ಎದುರಿಗೆ ಚಂದಮ್ಮ ಅವ್ವನ ಬೆನ್ನು ಸವರುತ್ತಿದ್ದಳು. "ಅತ್ತು ಹಗರಾಗ್ರಿ ಅಕ್ಕಾರ, ನಾ ಇದ್ದೀನಲ್ಲ."

ಬಾಯಿ ಬಿಟ್ಟರೆ ಒಬ್ಬಳಿಗೆ ಮಗ ಬರುತ್ತಾನೆ, ಇನ್ನೊಬ್ಬಳಿಗೆ ಗಂಡ ಹೋಗುತ್ತಾನೆ. ಬಿಡದಿದ್ದರೆ ಸಾಯಬಣ್ಣ ನಮ್ಮಣ್ಣನ ಹೆಸರಲ್ಲಿ ಮಣ್ಣಾಗುತ್ತಾನೆ. ಸ್ವಾಮಿಗಳು ಅಣ್ಣನ ಹೆಸರು ಕೇಳುತ್ತಿದ್ದರು.

"ಇವ ಅಣ್ಣ ಅಲ್ಲ" ಅಂದೆ.

ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಅಂದೆ. ಸ್ವಾಮಿಗಳು ತಲೆಯೆತ್ತಿದರು.

"ಮತ್ತ ಯಾರು ಸಣ್ಣಕ್ಕಾ?" ಚಂದಮ್ಮ ಕೇಳಿದಳು.

ಕಾಲು ನನ್ನ ಕೈಯಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು. ಅವ್ವನ ತಲೆಯನ್ನು ಮೆಲ್ಲಗೆ ಕೆಳಗಿಟ್ಟು ಹತ್ತಿರ ಬಂದು ಆ ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು.

"ಇದು ನಿಮ್ಮನಿ ಅರಗು" ಅಂದಳು. ಅಷ್ಟೇ. ಆಮೇಲೆ ಅವಳು ಅಳಲಿಲ್ಲ. ನಮ್ಮಣ್ಣನಿಗಾಗಿ ಅತ್ತು ಮುಗಿಸಿಬಿಟ್ಟಿದ್ದಳು.

ಗುಂಪಿನಲ್ಲಿದ್ದ ಖಣಿಯ ಆಳೊಬ್ಬ ಆಗ ಬಾಯಿ ಬಿಟ್ಟ: ಅಣ್ಣ ಸೇಡಂನಲ್ಲಿ ಪಂದ್ಯ ಆಡುತ್ತಿದ್ದ. ಸಾಯಬಣ್ಣನ ಕೊರಳಿಗೆ ತನ್ನ ಬಿಲ್ಲೆ ಹಾಕಿ, ಆ ದಿನದ ಕೂಲಿ ನಿನಗೇ, ಮನೆಯಲ್ಲಿ ಶಹಾಬಾದಿಗೆ ಹೊರಟೆ ಅಂತ ಹೇಳು ಎಂದು ಖಣಿಗೆ ಕಳಿಸಿದ್ದ. ಆ ವರ್ಷ ಕ್ಲಬ್ಬಿನವರೆಲ್ಲ ಹಾಗೆಯೇ ಆಡಿದರಂತೆ. ಪಂದ್ಯಕ್ಕೆ ಹನ್ನೊಂದು ಮಂದಿ ಹೋದರೆ ಖಣಿಯೊಳಗೆ ಹನ್ನೊಂದು ಮಂದಿ ಬದಲಿ ಇಳಿಯುತ್ತಿದ್ದರು. ಚಾಚಾಗೂ ಗೊತ್ತಿತ್ತು.

ಸ್ಟೇಷನ್ನಿನಿಂದ ಓಡಿ ಬಂದಿದ್ದ ಅಪ್ಪ, ಸಾಯಬಣ್ಣನನ್ನು ಅವನ ಮನೆಗೆ ಒಯ್ಯೋಣ ಎಂದರು. ಚಂದಮ್ಮ ಎತ್ತಗೊಡಲಿಲ್ಲ. "ಗುರಣ್ಣ ಬರ್ಲಿ" ಅಂದಳು.

ಸಂಜೆ ಪ್ಯಾಸೆಂಜರ್ ಗಾಡಿ ಬಂತು. ಸ್ಟೇಷನ್ನಿನಿಂದ ಹಲಗೆ ಬಾರಿಸುತ್ತ ಬಂದವರು ನಮ್ಮ ಓಣಿಯ ತಿರುವಿನಲ್ಲಿ ಮಂದಿಯನ್ನು ನೋಡಿ ನಿಲ್ಲಿಸಿದರು. ಅಣ್ಣ ಎರಡೂ ಕೈಯಲ್ಲಿ ಕಪ್ಪು ಹಿಡಿದು ಮುಂದೆ ಬಂದ. ಚಾಚಾ ಅವನ ಹಿಂದೆ. ಅಣ್ಣನನ್ನು ನೋಡಿ ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಅವನು ಅಂಗಳದಲ್ಲಿದ್ದ ಚಾದರ ನೋಡಿದ, ಅದರ ಬಾಜೂಕೆ ಕೂತ ಚಂದಮ್ಮನನ್ನು ನೋಡಿದ.

ಚಂದಮ್ಮ ಕೇಳಿದಳು, "ಗೆದ್ದಿರೇನ್ ಗುರಣ್ಣಾ?"

ಅಣ್ಣ ಚಾದರದ ಕಡೆ ಒಂದು ಹೆಜ್ಜೆ ಇಟ್ಟ.

"ಹೇಳಪಾ. ಮಧ್ಯಾನದಿಂದ ಕುಂತೀನಿ. ಗೆದ್ರ್ಯೋ ಇಲ್ಲೋ?"

"ಗೆದ್ದೀವಿ ಚಂದವ್ವ."

ಅವಳು ತಲೆಯಾಡಿಸಿದಳು. ಗಂಡನ ಕೊರಳಿನ ದಾರ ಬಿಚ್ಚಿ, ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮುಂದೆ ಚಾಚಿದಳು.

"ತಗೋ, ನಿಂದು. ನಾಳಿ ಹಾಜರಿಗಿ ಬೇಕಾಗ್ತದ."

ತಗೊಳ್ಳಲು ಅಣ್ಣನ ಕೈ ಖಾಲಿ ಇರಲಿಲ್ಲ.